ಹಲಗೆಯ ಮೇಲಿನ ಹೊಟ್ಟೆಕಿಚ್ಚು

ನಮ್ಮ ಬೀದಿಯ ಕೊನೆಯ ಮನೆಯವನಿಗೆ ಬೆನ್ನುಮೂಳೆಯ ಕ್ಷಯ ಎಂದು ಡಾಕ್ಟರು ಹೇಳಿದ ಮರುದಿನ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ಕೂತು ಸೆರಗಿನ ತುದಿ ಹಿಂಡುತ್ತ, "ನಿಮ್ಗ್ ಹ್ಯಾಂಗ್ ಆಯಿತ್ತ್ ಅಂದೇಳಿ ಚೂರ್ ಹೇಳಿ ಮಾರಾಯ್ರೆ" ಅಂದಳು. ನಾನು ಇಂಜೆಕ್ಷನ್ನಿನ ಬಗ್ಗೆ ಹೇಳಿದೆ, ಪ್ಲಾಸ್ಟರಿನ ಬಗ್ಗೆ ಹೇಳಿದೆ, ಈಗ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಪೇಟೆಯವರೆಗೂ ನಡೆಯುತ್ತೇನೆ ಎಂದು ಎದ್ದು ನಡೆದೂ ತೋರಿಸಿದೆ. ಅವಳು ಸ್ವಲ್ಪ ಧೈರ್ಯ ತೆಗೆದುಕೊಂಡು ಹೋದಳು. ಅವಳು ಹೋದ ಮೇಲೆ ಮುಖ್ಯವಾದ ಸಂಗತಿಯನ್ನೇ ಹೇಳಲಿಲ್ಲವಲ್ಲ ಅನ್ನಿಸಿತು. ಜ್ವರ ಬರುತ್ತದೆ, ನೋವಾಗುತ್ತದೆ, ಬೇಜಾರಾಗುತ್ತದೆ ಎಂದು ನನಗೂ ಎಲ್ಲರೂ ಹೇಳಿದ್ದರು. ಹೊಟ್ಟೆಕಿಚ್ಚು ಬರುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಆ ವರ್ಷವಿಡೀ ನನ್ನನ್ನು ಸುಟ್ಟದ್ದು ಅದೇ.

ನಾನು ಕುಂದಾಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದೆ. ಅರವತ್ತರ ದಶಕದ ನಡುಭಾಗ. ಮದುವೆಯ ಕರೆಯೋಲೆ ಅಚ್ಚಾದ ಮೇಲೆ ಕಟಿಂಗ್ ಮಿಷನ್ನಿನಲ್ಲಿ ಅಂಚು ಕತ್ತರಿಸುತ್ತೇವಲ್ಲ, ಆಗ ಗುಲಾಬಿ, ಹಳದಿ, ಹಸಿರು ಬಣ್ಣದ ಉದ್ದುದ್ದ ಪಟ್ಟಿಗಳು ಕೆಳಗೆ ಬೀಳುತ್ತವೆ. ಬೇರೆಯವರು ಅದನ್ನು ಗುಡಿಸಿ ಒಲೆಗೆ ಹಾಕುತ್ತಿದ್ದರು. ನಾನು ಮನೆಗೆ ತಂದು ಗೊಂಡೆ ಮಾಡುತ್ತಿದ್ದೆ. ಪಟ್ಟಿಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ಮಡಚುತ್ತ ಹೋಗಿ, ಒಂದು ಅಂಚಿಗೆ ದಾರ ಪೋಣಿಸಿ ಎಳೆದು, ಎರಡು ತುದಿಯನ್ನು ಅಂಟಿಸಿದರೆ ಕಾಗದ ದುಂಡಗೆ ಅರಳಿ ಗೊಂಡೆ ಹೂವಿನ ಹಾಗೆ ಕೂರುತ್ತದೆ. ನಡುವೆ ಒಂದು ಬಿಳಿ ಬಿಲ್ಲೆ, ಕೆಳಗೆ ಎರಡು ಬಾಲ, ಹಿಂದೆ ಹೆಸರು ಬರೆಯುವ ಚೀಟಿ. ಉಡುಗೊರೆಯ ಕಟ್ಟಿಗೆ ಅದನ್ನು ಕಟ್ಟಿಕೊಂಡು ಜನ ಮದುವೆಗೆ ಹೋಗುತ್ತಿದ್ದರು.

ನಮ್ಮ ಕಡೆ ಮದುವೆಮನೆಯಲ್ಲಿ ಒಬ್ಬರು ಮೈಕಿನ ಮುಂದೆ ನಿಂತು ಯಾರು ಏನು ಕೊಟ್ಟರು ಎಂದು ಓದಿ ಹೇಳುತ್ತಿದ್ದರಷ್ಟೆ. ಆಗ ಕೊಡಪಾನವಾಗಲಿ ಗೋಡೆ ಗಡಿಯಾರವಾಗಲಿ, ಅದನ್ನು ಎತ್ತಿ ಹಿಡಿದಾಗ ಮೊದಲು ಕಾಣುವುದು ಗೊಂಡೆ. ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ಪೈಗಳು ನನ್ನ ಗೊಂಡೆ ಬಿಟ್ಟರೆ ಬೇರೆಯವರದ್ದು ಇಡುತ್ತಿರಲಿಲ್ಲ. ಬೊಂಬಾಯಿಯ ಹೋಟೆಲುಗಳಿಂದ ಬೇಸಗೆಯಲ್ಲಿ ಊರಿಗೆ ಬಂದವರು "ಶೇಖರನ ಗೊಂಡೆ ಇತ್ತಾ?" ಎಂದು ಕೇಳುತ್ತಿದ್ದರಂತೆ. ನನಗಾಗಿ ಯಾರೂ ಬೋರ್ಡು ಬರೆಸಿರಲಿಲ್ಲ, ಆದರೆ ಪೇಟೆಯಲ್ಲಿ ನನ್ನದೊಂದು ಹೆಸರಿತ್ತು. ನನಗೆ ಅದರ ಜಂಬವೂ ಇತ್ತು.

ಕಾಯಿಲೆ ಕಳ್ಳಹೆಜ್ಜೆಯಲ್ಲಿ ಬಂತು. ಮೊದಲು ಬೆನ್ನುನೋವು. ಬಗ್ಗಿ ಕೆಲಸ ಮಾಡುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ನನ್ನ ತಾಯಿ, ಅಬ್ಬೆ, ಎಣ್ಣೆ ಕಾಸಿ ತಿಕ್ಕಿದಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅದಕ್ಕೆ ಕಷಾಯ ಆಯಿತು. ಕೊನೆಗೆ ಒಂದು ದಿನ ಪ್ರೆಸ್ಸಿನಿಂದ ಮನೆಗೆ ಬಂದಾಗ ಗಿರಿಜ ನನ್ನ ಕಾಲನ್ನೇ ನೋಡುತ್ತ, "ಹ್ವಾಯ್, ಇನ್ನೊಂದ್ ಚಪ್ಪಲ್ ಎಲ್ಲಿತ್ತ್?" ಅಂದಳು. ನೋಡಿದರೆ ಎಡಗಾಲು ಬರಿಗಾಲು. ದಾರಿಯಲ್ಲೆಲ್ಲೋ ಚಪ್ಪಲಿ ಕಳಚಿ ಬಿದ್ದಿದೆ, ನನಗೆ ಗೊತ್ತೇ ಆಗಿಲ್ಲ. ಆಗ ನಿಜವಾಗಿ ಹೆದರಿದೆ.

ಗಿರಿಜ ನನ್ನ ಹೆಂಡತಿ. ಕೆರಾಡಿಯವಳು. ಮದುವೆಯಾಗಿ ಎರಡನೆಯ ವರ್ಷ, ಹೆಚ್ಚು ಮಾತಿನವಳಲ್ಲ. ಮಂಗಳೂರಿನ ಆಸ್ಪತ್ರೆಗೆ ಅವಳೂ ಬಂದಳು. ಅಲ್ಲಿಯ ಉದ್ದ ಬೆಂಚಿನಲ್ಲಿ ಕಾಯುತ್ತ ಕೂತಾಗ ನನ್ನ ಎದುರಿಗೆ ಕೈ ಮುರಿದುಕೊಂಡವನೊಬ್ಬ ಕೂತಿದ್ದ. ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಆರಾಮವಾಗಿ ಕಡಲೆ ತಿನ್ನುತ್ತಿದ್ದ. ನೆಟ್ಟಗೆ ಕೂತಿದ್ದ ಅವನ ಬೆನ್ನು ನೋಡಿ ನನಗೆ ಎಷ್ಟು ಅಸೂಯೆಯಾಯಿತೆಂದರೆ ಮುಖ ಬೇರೆ ಕಡೆ ತಿರುಗಿಸಿದೆ. ಮುರಿಯುವುದಾದರೆ ಕೈ ಮುರಿಯಬಾರದಿತ್ತೇ ಅಂದುಕೊಂಡೆ. ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕಿಯೊಬ್ಬಳು ನಾನು ಒದ್ದಾಡುವುದನ್ನು ಕಂಡು ಏನೂ ಕೇಳದೆ ತನ್ನ ಶಾಲನ್ನು ಮಡಚಿ ನನ್ನ ಸೊಂಟದ ಹಿಂದೆ ಇಟ್ಟಳು. ನಮ್ಮನ್ನು ಒಳಗೆ ಕರೆಯುವವರೆಗೆ ಅದನ್ನು ವಾಪಸು ಕೇಳಲೂ ಇಲ್ಲ. ಅವಳ ಹೆಸರು ಕೇಳಬೇಕಿತ್ತು.

ಡಾಕ್ಟರು ಬೆನ್ನಿನ ಎಕ್ಸ್‌ರೇ ಫೋಟೋ ಎತ್ತಿ ಹಿಡಿದು ನೋಡಿದರು. ವಾಸಿಯಾಗುತ್ತದೆ, ಆದರೆ ಅಲುಗದೆ ಮಲಗಬೇಕು, ತಿಂಗಳುಗಟ್ಟಲೆ ಅಂದರು. ನಾನು ಎಷ್ಟು ತಿಂಗಳು ಎಂದು ಕೇಳಿದೆ. ಗಿರಿಜ, "ಎದ್ದ್ ಕೂಕಂಬುಕ್ ಆತ್ತಲೆ?" ಎಂದು ಕೇಳಿದಳು. ಆತ್ತೆ ಅಮ್ಮ ಎಂದು ಡಾಕ್ಟರು ಅವಳ ಮಾತಿನಲ್ಲೇ ಹೇಳಿದರು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು ಹಾಕಿ ಕಳಿಸಿದರು.

ಮನೆಯಲ್ಲಿ ಮಂಚದ ಮೇಲಿನ ಹಾಸಿಗೆ ತೆಗೆದು ಒಂದು ಹಲಗೆ ಹಾಕಿದರು. ಅಬ್ಬೆ ಕ್ಷಯ ಎಂಬ ಮಾತನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಕೇಳಿದವರಿಗೆಲ್ಲ "ಬೆನ್ನ್ ಉಳ್ಕಿದ್" ಎಂದೇ ಹೇಳಿದಳು. ಉಳುಕಿದ್ದಕ್ಕೆ ಇಷ್ಟು ದೊಡ್ಡ ಪ್ಲಾಸ್ಟರೇ ಎಂದು ಕೇಳಿದವರಿಗೆ, "ಜೋರ್ ಉಳ್ಕಿದ್" ಅನ್ನುತ್ತಿದ್ದಳು. ಕಂಪೌಂಡರು ಸೈಕಲ್ಲಿನಲ್ಲಿ ಬಂದು ದಿನವೂ ಇಂಜೆಕ್ಷನ್ ಚುಚ್ಚಿ ಹೋಗುತ್ತಿದ್ದರು. ಅದರ ದೆಸೆಯಿಂದ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು. ಪ್ಲಾಸ್ಟರಿನ ಒಳಗೆ ತುರಿಕೆ. ಒಂದು ಸಲ ಅದರೊಳಗೆ ತಿಗಣೆ ಹೊಕ್ಕಿತು. ಗಿರಿಜ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಬಿಟ್ಟು ಅರ್ಧ ದಿನ ಆಡಿಸಿದಳು. ತಿಗಣೆ ಬಂತೋ ಇಲ್ಲವೋ ತಿಳಿಯದು, ನನಗೆ ಮಾತ್ರ ಸ್ವರ್ಗ ಕಂಡಿತು.

ಬೆನ್ನಿದ್ದವರನ್ನೆಲ್ಲ ಕಂಡು ಹೊಟ್ಟೆಕಿಚ್ಚು ಪಡುವುದಕ್ಕೆ ಶುರು ಮಾಡಿದ್ದು ಆಗಲೇ. ಅಬ್ಬೆ ಬಗ್ಗಿ ಅಂಗಳ ಗುಡಿಸುವ ಸದ್ದು ಕೇಳಿದರೆ ಕಿಚ್ಚು. ಕಂಪೌಂಡರು ಸೈಕಲ್ ಹತ್ತಿದರೆ ಕಿಚ್ಚು. ಪಕ್ಕದ ಮನೆಯವರು ಗಟ್ಟಿಯಾಗಿ ಸೀನಿದರೆ, ಆಹಾ, ಎಷ್ಟು ನಿಶ್ಚಿಂತೆಯಿಂದ ಸೀನುತ್ತಾರೆ ಎಂದು ಕಿಚ್ಚು. ಆದರೆ ಇದೆಲ್ಲ ಬರಿಯ ಹೊಗೆ. ಬೆಂಕಿ ಹತ್ತಿಕೊಂಡದ್ದು ಗೊಂಡೆಯಿಂದ.

ವೈಶಾಖದ ಮದುವೆಗಳಿಗೆಂದು ಪೈಗಳು ಮೊದಲೇ ಗೊಂಡೆ ಹೇಳಿಟ್ಟಿದ್ದರು. ಪ್ರೆಸ್ಸಿನ ಸಂಬಳವೂ ನಿಂತಿತ್ತು. ಬೇರೆ ದಾರಿಯಿರಲಿಲ್ಲ. "ನಾನ್ ಮಾಡ್ತೆ, ನೀವ್ ಹೇಳ್ಕೊಡಿ" ಎಂದು ಗಿರಿಜ ಮಂಚದ ಪಕ್ಕದಲ್ಲಿ ಕೂತಳು. ನನಗೆ ಕುತ್ತಿಗೆ ಬಗ್ಗಿಸುವುದಕ್ಕೆ ಆಗದು, ಮಾಡಿನ ಹಂಚು ಬಿಟ್ಟರೆ ಬೇರೇನೂ ಕಾಣದು. ಅವಳ ಕೈ ಕಾಣಲಿ ಎಂದು ಒಂದು ಕನ್ನಡಿಯನ್ನು ಮಾಡಿನ ಮರದ ಪಕ್ಕಾಸಿಗೆ ಓರೆಯಾಗಿ ಕಟ್ಟಿದರು. ಆ ಕನ್ನಡಿಯಲ್ಲಿ ನಾನು ಅವಳ ಮೊದಲ ಗೊಂಡೆ ನೋಡಿದೆ. ಕಾಗೆ ಕುಕ್ಕಿದ ಹಪ್ಪಳದ ಹಾಗಿತ್ತು. ಬಾಯಲ್ಲಿ "ಅಡ್ಡಿಲ್ಲ, ಕಲ್ತುಕೊಳ್ತಿ" ಎಂದೆ. ಒಳಗೊಳಗೆ ಖುಷಿಯಾಯಿತು. ಅದು ಅಷ್ಟು ಸುಲಭದ ಕೆಲಸವಲ್ಲ ಎಂದು ಮನೆಯವರಿಗೂ ಗೊತ್ತಾಗಲಿ.

ಆ ಖುಷಿ ಒಂದು ವಾರವೂ ಬಾಳಲಿಲ್ಲ. ನಾನು ಅಡಿಕೋಲು ಇಟ್ಟು ಗೆರೆ ಎಳೆದು, ಗೆರೆಗೆ ಸರಿಯಾಗಿ ಮಡಚುವವನು. ಅವಳು ಸ್ವಲ್ಪ ದಿನ ಗೆರೆ ಎಳೆದಳು, ಆಮೇಲೆ ಅಡಿಕೋಲನ್ನು ಬದಿಗಿಟ್ಟಳು. ದಿನಾ ಬೆಳಗ್ಗೆ ಸೀರೆಯ ನಿರಿಗೆ ಹಿಡಿಯುತ್ತಾಳಲ್ಲ, ಹಾಗೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಕಾಗದವನ್ನು ಸರಸರ ಹಿಡಿದು ಒಮ್ಮೆ ಒತ್ತಿ ಬಿಡುತ್ತಿದ್ದಳು. ಎಲ್ಲ ಮಡಿಕೆಯೂ ಒಂದೇ ಅಳತೆ. "ಅಳ್ತಿ ಇಲ್ದೆ ಮಡ್ಚುಕಾಗ" ಎಂದು ನಾನು ಗದರಿದೆ. "ಹೌದಾ?" ಅಂದಳು. ಮಡಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ಗುರುವಿಗೇ ತಿರುಮಂತ್ರ ಅನ್ನುತ್ತಾರಲ್ಲ, ಅದನ್ನು ನಾನು ಕನ್ನಡಿಯಲ್ಲಿ ನೋಡಿದೆ.

ಮೊದಲ ಕಟ್ಟು ಅಂಗಡಿಗೆ ಹೋದ ಮೇಲೆ ಪೈಗಳು ನನ್ನನ್ನು ನೋಡುವುದಕ್ಕೆಂದು ಮನೆಗೆ ಬಂದರು. ಮೋಸಂಬಿ ತಂದಿದ್ದರು. "ಶೇಖರ, ಈ ಸಲದ್ ಗೊಂಡೆ ಭಾರಿ ಲಾಯ್ಕ್ ಇತ್ತ್ ಮಾರಾಯ. ಮಲ್ಕಂಡ್ ಮೇಲೆ ನಿನ್ ಕೈ ಚುರ್ಕ್ ಆಯ್ತ್ ಕಾಂತ್" ಅಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಬ್ಬೆ ಕೂಗಿ ಹೇಳಿದಳು, "ಅವ ಎಲ್ಲಿ ಮಾಡ್ತ? ಅದ್ ನನ್ ಸೊಸಿ ಮಾಡಿದ್ದ್." ಪೈಗಳು ಹುಬ್ಬೇರಿಸಿ ಗಿರಿಜಳ ಕಡೆ ತಿರುಗಿದರು. ಅವತ್ತಿನವರೆಗೆ ಅವಳನ್ನು ಅವರು ಸರಿಯಾಗಿ ನೋಡಿಯೂ ಇರಲಿಲ್ಲ. ಹೋಗುವಾಗ "ಗಿರಿಜಮ್ಮ, ಮುಂದಿನ ಸೋಮವಾರ ಇನ್ನಷ್ಟ್ ಬೇಕ್" ಎಂದು ಅವಳಿಗೇ ಹೇಳಿ ಹೋದರು. ನನಗೆ ಮೋಸಂಬಿ ಉಳಿಯಿತು.

ಆಮೇಲೆ ಅವಳೇ ಪೇಟೆಗೆ ಹೋಗಿ ಬರತೊಡಗಿದಳು, ಪ್ರೆಸ್ಸಿನಿಂದ ಕಾಗದದ ಪಟ್ಟಿಗಳನ್ನೂ ಅವಳೇ ತರುತ್ತಿದ್ದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಗೊಂಡೆಯ ಬುಟ್ಟಿ ಹಿಡಿದು ಹೊರಡುವುದನ್ನು ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ತಿರುಗಿ ಬಂದಾಗ ಅವಳ ಮೈಯಲ್ಲಿ ಪೇಟೆಯ ಬಿಸಿಲಿನ ವಾಸನೆ. ಯಾರ ಮದುವೆ ಎಲ್ಲಿ, ಬ್ರಹ್ಮಾವರದ ಯಾವ ಮನೆಯವರು ಎಷ್ಟು ಗೊಂಡೆ ಕೊಂಡರು ಎಂಬ ಸುದ್ದಿಯೆಲ್ಲ ಈಗ ಅವಳಿಂದಲೇ ನನಗೆ ಗೊತ್ತಾಗಬೇಕು. ಮೊದಲು ಅವಳಿಗೆ ನಾನು ಹೇಳುತ್ತಿದ್ದ ಸುದ್ದಿಗಳು ಅವು. ಅವಳು ಹೇಳುತ್ತಿದ್ದರೆ ನಾನು ಹಂಚು ನೋಡುತ್ತ "ಹೂಂ" ಅನ್ನುತ್ತಿದ್ದೆ. ಮಾಡಿದ ಗೊಂಡೆಯನ್ನು ತೋರಿಸಿದರೆ ಬಾಲ ಉದ್ದವಾಯಿತು, ಬಿಲ್ಲೆ ಓರೆಯಾಯಿತು ಎನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನಂತೂ ಕುಣಿಯುವುದಿರಲಿ, ಮಗ್ಗುಲು ಬದಲಿಸುವುದಕ್ಕೂ ಇಬ್ಬರು ಬೇಕಾಗಿತ್ತು.

ನೋವಿಗಿಂತ ಹೆಚ್ಚಾಗಿ ಒಂದು ಯೋಚನೆ ನನ್ನನ್ನು ತಿನ್ನುತ್ತಿತ್ತು. ಒಂದು ದಿನ ನಾನು ಎದ್ದು ನಿಲ್ಲುತ್ತೇನೆ. ಸರಿ. ಎಲ್ಲಿ ನಿಲ್ಲಲಿ? ಪ್ರೆಸ್ಸಿಗೆ ಬೇರೆ ಬೈಂಡರ್ ಬಂದಿದ್ದ. ಅಂಗಡಿಗೆ ಗಿರಿಜಳ ಗೊಂಡೆ ಬಂದಿತ್ತು. ಅಬ್ಬೆಯ ಬಾಯಿಗೆ ಸೊಸೆ ಬಂದಿದ್ದಳು. ನನ್ನ ಜಾಗ ಅಂತ ಉಳಿದದ್ದು ಈ ಹಲಗೆಯೊಂದೇ.

ಮಳೆಗಾಲ ಬಂತು. ಮಳೆಗಾಲದಲ್ಲಿ ಗೊಂಡೆ ಮಾಡಲಾಗದು ಎಂಬುದು ನನಗೆ ಅನುಭವದಿಂದ ಗೊತ್ತಿದ್ದ ಮಾತು. ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಎಷ್ಟು ಒತ್ತಿದರೂ ಮಡಿಕೆ ಬಿಚ್ಚಿಕೊಳ್ಳುತ್ತದೆ. ನಾನು ಪ್ರತಿ ವರ್ಷ ಆ ತಿಂಗಳುಗಳಲ್ಲಿ ಕೈ ಕಟ್ಟಿ ಕೂರುತ್ತಿದ್ದೆ. ಈ ಸಲ ಗಿರಿಜ ಸುಮ್ಮನೆ ಕೂರುತ್ತಾಳೆ ಎಂದು, ನಿಜ ಹೇಳಬೇಕೆಂದರೆ, ಮಳೆಯನ್ನು ಕಾದು ಕೂತಿದ್ದೆ. ಆದರೆ ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಅವಳ ಗೊಂಡೆಗಳು ಗರಿಗರಿಯಾಗಿ ಅರಳಿ ನಿಲ್ಲುತ್ತಿದ್ದವು. ಹೇಗೆ ಎಂದು ಕೇಳಲು ನನ್ನ ಜಂಬ ಅಡ್ಡ ಬಂತು. ಅವಳೂ ತಾನಾಗಿ ಹೇಳಲಿಲ್ಲ.

ಗೊತ್ತಾದದ್ದು ಒಂದು ಮಧ್ಯಾಹ್ನ. ಮೋಡ ಕವಿದು ಒಳಗೆಲ್ಲ ಮಬ್ಬಾಗಿತ್ತು. ಗಿರಿಜ ಗಂಜಿಯ ಬಟ್ಟಲು ನನ್ನ ತಲೆಯ ಹತ್ತಿರ ಇಟ್ಟು ಚಮಚ ತರಲು ಹೋದಳು. ಅಬ್ಬೆ ಬಂದು ಬಟ್ಟಲನ್ನು ನೋಡಿದವಳು ಹಾಗೆಯೇ ಗೋಡೆ ಹಿಡಿದುಕೊಂಡಳು.

"ಎಂತ ಆಯ್ತ್ ಮಗ? ನೆತ್ರ್ ಕಾರಿದ್ಯಾ?"

ನಾನು ಕನ್ನಡಿಯತ್ತ ಕಣ್ಣು ಹೊರಳಿಸಿ ನೋಡಿದೆ. ಗಂಜಿಯ ತಿಳಿಯಲ್ಲಿ ಕೆಂಪು ಹರಡಿತ್ತು. ನಾನು ಕೆಮ್ಮಿದ್ದು ನನಗೆ ನೆನಪಿರಲಿಲ್ಲ. ಆದರೆ ಚಪ್ಪಲಿ ಕಳಚಿದ್ದು ಗೊತ್ತಾಗದವನಿಗೆ ಇದು ಗೊತ್ತಾಗುತ್ತದೆ ಎಂದು ಏನು ನಂಬಿಕೆ? ರೋಗ ಬೆನ್ನಿನಿಂದ ಎದೆಗೆ ಹೋಯಿತು, ಇನ್ನು ಮುಗಿಯಿತು ಅಂದುಕೊಂಡೆ. ಅಷ್ಟು ತಿಂಗಳು ಹೊಸ್ತಿಲ ಹೊರಗೆ ಇಟ್ಟಿದ್ದ ಮಾತನ್ನು ಅಬ್ಬೆ ತಾನೇ ಆಡಿಬಿಟ್ಟಳು, ಕ್ಷಯ, ನನ್ನ ಮಗನಿಗೆ ಕ್ಷಯ ಎಂದು ಪಕ್ಕದ ಮನೆಗೆ ಕೇಳುವ ಹಾಗೆ ಅತ್ತಳು.

ಗಿರಿಜ ಓಡಿ ಬಂದಳು. ಬಟ್ಟಲಿಗೆ ಬೆರಳು ಹಾಕಿ ತಳದಿಂದ ಏನನ್ನೋ ಎಳೆದು ತೆಗೆದಳು. ಗುಲಾಬಿ ಕಾಗದದ ಒಂದು ಪಟ್ಟಿ, ಬೆಂದು ಬಣ್ಣ ಬಿಟ್ಟು ಬೆಳ್ಳಗಾಗಿತ್ತು.

"ಅತ್ತೆ, ನೆತ್ರ್ ಅಲ್ಲ, ಕಾಗ್ದ. ಅಕ್ಕಿ ಮುಡಿಯಗೆ ಇಟ್ಟಿದ್ದೆ. ಅಕ್ಕಿ ತೆಗುವತ್ತಿಗೆ ಒಂದ್ ಪಟ್ಟಿ ಒಟ್ಟಿಗೇ ಬಂತ್ ಕಾಂತ್" ಅಂದಳು.

ಕೆರಾಡಿಯ ಅವಳ ತವರಿನಿಂದ ಒಂದು ಮುಡಿ ಅಕ್ಕಿ ಬಂದಿತ್ತು. ಬೈಹುಲ್ಲು ಸುತ್ತಿ ಬಿಗಿದು ಕಟ್ಟಿದ ಮುಡಿಯೊಳಗೆ ತೇವ ಹೋಗುವುದಿಲ್ಲ. ಅದರ ಬಾಯಿ ಸ್ವಲ್ಪ ಸಡಿಲಿಸಿ, ಅಕ್ಕಿಯ ನಡುವೆ ಕಾಗದ ಹೂತಿಟ್ಟು, ಬೇಕಾದಷ್ಟೇ ತೆಗೆದು ಮಡಚುತ್ತಿದ್ದಳು. ಮಡಚಿದ್ದನ್ನು ಮತ್ತೆ ಅಲ್ಲಿಯೇ ಹೂತಿಡುತ್ತಿದ್ದಳು. ಇಷ್ಟು ವರ್ಷ ಅದೇ ಮನೆಯಲ್ಲಿ ಮುಡಿಯ ಅಕ್ಕಿಯನ್ನೇ ಉಂಡ ನನಗೆ ಇದು ಹೊಳೆದಿರಲಿಲ್ಲ.

ಸಾಯುವುದಿಲ್ಲ ಎಂದು ಗೊತ್ತಾದ ಕೂಡಲೇ ಮನುಷ್ಯನಿಗೆ ಏನನ್ನಿಸಬೇಕು? ಸಂತೋಷ ಅನ್ನಿಸಬೇಕು. ಅನ್ನಿಸಿತು ಕೂಡ, ಉಸಿರು ಒಂದು ಸಲ ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು. ಅಬ್ಬೆ ಅಳುವುದನ್ನು ನಿಲ್ಲಿಸಿ ನಗತೊಡಗಿದಳು, ಕಣ್ಣೊರೆಸಿಕೊಂಡು ಪಕ್ಕದ ಮನೆಗೆ ಹೋಗಿ, "ನನ್ ಸೊಸಿ ಬುದ್ಧಿ ಕಾಣಿ, ಮುಡಿಯಗ್ ಕಾಗ್ದ ಇಟ್ಟಿತ್ ಹೆಣ್ಣ್" ಎಂದು ಹೇಳುವುದು ನನಗೆ ಕೇಳಿಸಿತು. ನನ್ನ ಹೊಟ್ಟೆಯಲ್ಲಿ ಮತ್ತೆ ಒಲೆ ಹತ್ತಿಕೊಂಡಿತು. ಗುಲಾಬಿ ಗಂಜಿಯನ್ನು ಚೆಲ್ಲಿ ಬೇರೆ ತರುತ್ತೇನೆ ಎಂದ ಗಿರಿಜಳಿಗೆ ಹಸಿವಿಲ್ಲ ಎಂದೆ.

ಚೌತಿ ಕಳೆದ ಮೇಲೆ ಪ್ಲಾಸ್ಟರು ತೆಗೆಯಬಹುದು ಎಂದಿದ್ದರು. ಮಂಗಳೂರಿಗೆ ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಹೋದರು. ಡಾಕ್ಟರು ಮತ್ತೆ ಫೋಟೋ ಎತ್ತಿ ಹಿಡಿದರು. ಒಳ್ಳೆಯದಾಗುತ್ತಿದೆ, ಆದರೆ ಇನ್ನೂ ಸಾಲದು ಎಂದು ಹಳೆಯ ಪ್ಲಾಸ್ಟರು ಕತ್ತರಿಸಿ ಹೊಸದು ಹಾಕಿದರು. ಎರಡರ ನಡುವೆ ನರ್ಸೊಬ್ಬರು ಬಿಸಿನೀರಲ್ಲಿ ಬಟ್ಟೆ ಅದ್ದಿ ನನ್ನ ಬೆನ್ನು ಒರೆಸಿದರು. ಎಷ್ಟೋ ತಿಂಗಳ ಮೇಲೆ ಬೆನ್ನಿಗೆ ನೀರು ತಾಗಿತ್ತು. ಅಷ್ಟು ದೊಡ್ಡ ಗಂಡಸು ಅಲ್ಲಿಯೇ ಅತ್ತುಬಿಟ್ಟೆ. ಅವರು ನೋಡದವರಂತೆ ನಿಧಾನವಾಗಿ ಇನ್ನೊಮ್ಮೆ ಒರೆಸಿದರು.

ಮನೆಗೆ ಬಂದ ಮರುದಿನ ಗಿರಿಜ ಎಂದಿನಂತೆ ಕಾಗದ ತೆಗೆದುಕೊಂಡು ಕೂತಳು. ನನಗೆ ತಡೆಯಲಾಗಲಿಲ್ಲ. "ನಿಂಗೆಂತ, ನಾ ಏಳ್ದಿದ್ರೇ ಲಾಯ್ಕ್. ಪೇಟೆಯಗೆಲ್ಲ ನಿಂದೇ ಹೆಸ್ರ್" ಎಂದೆ. ಆಡಿದ ಮಾತು ಹಂಚಿಗೆ ಬಡಿದು ನನ್ನ ಮುಖದ ಮೇಲೆಯೇ ಬಿದ್ದ ಹಾಗಾಯಿತು. ಕನ್ನಡಿಯಲ್ಲಿ ಅವಳ ಕೈ ನಿಂತಿತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಎದ್ದು ಬಂದು ನನ್ನ ಮುಖ ಕಾಣುವ ಹಾಗೆ ಮೇಲಿನಿಂದ ಬಗ್ಗಿ ನಿಂತಳು.

"ಹೊಟ್ಟಿಕಿಚ್ಚ್ ನಿಮ್ಗ್ ಒಬ್ರಿಗೇ ಅಂದೇಳಿ ಮಾಡಿದ್ರ್ಯಾ? ನಂಗೂ ಇತ್ತ್" ಅಂದಳು.

ಕೈಯಲ್ಲಿದ್ದ ಅರ್ಧ ಮಡಚಿದ ಪಟ್ಟಿಯನ್ನು ಹಲಗೆಯ ಅಂಚಿಗಿಟ್ಟಳು.

"ಬಂದವ್ರೆಲ್ಲ ಶೇಖರಂಗ್ ಊಟ ಸೇರತ್ತಾ, ಶೇಖರಂಗ್ ನಿದ್ರಿ ಬತ್ತಾ ಅಂದೇಳಿ ಕೇಂತ್ರ್. ನೀ ಉಂಡ್ಯಾ ಹೆಣ್ಣೆ ಅಂದೇಳಿ ಒಬ್ರಾರೂ ಕೇಂಡ್ರಾ? ಪೈಗಳ್ ಗೊಂಡೆ ಕೇಂತ್ರ್. ಅತ್ತೆ ನನ್ ಬುದ್ಧಿ ಹೇಳ್ತ್ರ್. ನಂಗೆ ಸೊಂಟ ನೋಯತ್ತಾ ಅಂದೇಳಿ ಯಾರಿಗ್ ಗೊತ್ತಿತ್ತ್? ನಿಮ್ ಹಲಗಿ ಕಂಡ್ರೆ ನಂಗೆ ಹೊಟ್ಟಿ ಉರಿತ್ತ್. ಒಂದ್ ದಿನ ಆರೂ ಅದ್ರ್ ಮೇಲೆ ನಾ ಮಲ್ಕಣ್ಕ್, ಎಲ್ಲರೂ ನನ್ನ್ ಕಾಂಬುಕೆ ಬರ್ಕ್ ಅಂದೇಳಿ ಆಸಿ ಆತ್ತ್."

ಇಷ್ಟು ಹೇಳಿ ಮತ್ತೆ ಹೋಗಿ ಕೂತಳು. ಮದುವೆಯಾದ ಮೇಲೆ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಹಲಗೆಯನ್ನು ಕಂಡು ಹೊಟ್ಟೆಕಿಚ್ಚು ಪಡುವವರು ಈ ಲೋಕದಲ್ಲಿ ಇರಬಹುದು ಎಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಇಷ್ಟು ದಿನ ಅವಳ ಕೈಯನ್ನೇ ನೋಡುತ್ತಿದ್ದವನು ಅವತ್ತು ಕಣ್ಣು ನೋಡಿದೆ. ಸುತ್ತ ಕಪ್ಪಾಗಿತ್ತು. ಬೆಳಗಿನ ಜಾವ ನನ್ನ ಮೈ ಒರೆಸುವುದರಿಂದ ಹಿಡಿದು ರಾತ್ರಿ ಮಗ್ಗುಲು ತಿರುಗಿಸುವವರೆಗೆ, ನಡುವೆ ಅಡುಗೆ, ನಡುವೆ ಗೊಂಡೆ. ಅವಳು ಹಗಲಲ್ಲಿ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ನೀ ಉಂಡ್ಯಾ?" ಎಂದು ಕೇಳಿದೆ.

"ಈಗ ಕೇಂತ್ರ್ಯಾ" ಅಂದಳು. ಸಿಟ್ಟು ಇಳಿದಿರಲಿಲ್ಲ. ಆದರೂ ಇಲ್ಲ ಎಂದು ತಲೆಯಾಡಿಸಿದಳು.

ಆಮೇಲೆ ನನ್ನ ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಹೋಗಲಿಲ್ಲ. ಬೆನ್ನಿನ ರೋಗಕ್ಕೆ ಇಂಜೆಕ್ಷನ್ ಇದೆ, ಇದಕ್ಕಿಲ್ಲ. ಆದರೆ ನನ್ನನ್ನು ನೋಡಲು ಬಂದವರಿಗೆಲ್ಲ "ಅವ್ಳನ್ನೂ ಒಂದ್ ಮಾತ್ ಕೇಣಿ" ಎನ್ನುತ್ತಿದ್ದೆ. ಕೆಲವರು ಕೇಳಿದರು, ಕೆಲವರು ನಕ್ಕರು.

ಮುಂದಿನ ಬೇಸಗೆಗೆ ಮೊದಲು ಪ್ಲಾಸ್ಟರು ತೆಗೆದರು. ಕಾಲುಗಳು ಬಸಳೆಯ ದಂಟಿನ ಹಾಗೆ ಬಾಗುತ್ತಿದ್ದವು. ಗೋಡೆ ಹಿಡಿದು ನಿಲ್ಲುವುದು, ಕಂಬದಿಂದ ಕಂಬಕ್ಕೆ ಹೋಗುವುದು, ಜಗಲಿಗೆ ಇಳಿಯುವುದು. ಬೆಲ್ಟು ಕಟ್ಟಿಕೊಂಡು ಕೂರಬಲ್ಲೆ ಎಂದಾದ ಮೇಲೆ ನಾನೂ ಗೊಂಡೆ ಮಡಚತೊಡಗಿದೆ. ಕೈಗೆ ಮೊದಲಿನ ಹಿಡಿತವಿರಲಿಲ್ಲ. ಅಡಿಕೋಲು ಇಟ್ಟರೂ ಮಡಿಕೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ವೈಶಾಖದ ಒಂದು ಮಧ್ಯಾಹ್ನ ಊಟವಾದ ಮೇಲೆ ಗಿರಿಜಳ ಕೈಯಿಂದ ಪಾತ್ರೆ ಕಿತ್ತುಕೊಂಡು, "ಹೋಯ್ ಮಲ್ಕೋ" ಎಂದೆ. "ಪೈಗಳ್ ಬತ್ರ್, ಕೆಲ್ಸ ಇತ್ತ್" ಅಂದಳು. ಕೆಲಸ ನಾನು ಮಾಡುತ್ತೇನೆ ಎಂದೆ. ಅವಳು ಚಾಪೆ ಹಾಸಿಕೊಂಡು ಒರಗಿದ್ದೇ ತಡ, ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಮೈ ಮೇಲೆ ಸಡಿಲವಾಗಿ ಬಿದ್ದಿತ್ತು. ನಾನು ಬಾಗಿಲ ಬಳಿ ಕೂತು ಮಡಚುತ್ತ ಹೋದೆ.

ಪೈಗಳು ಬಂದರು. ನಾನು ಮಾಡಿಟ್ಟ ಗೊಂಡೆಗಳಲ್ಲಿ ಒಂದನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರು. ಇನ್ನೊಂದನ್ನು ಎತ್ತಿದರು.

"ಇದ್ ಗಿರಿಜಮ್ಮಂದ್ ಅಲ್ಲ ಅಲ್ದಾ?"

"ಅಲ್ಲ. ನಂದ್."

"ಬೇಜಾರ್ ಮಾಡ್ಕಣ್ಬೇಡ ಮಾರಾಯ, ಗಿರಾಕಿಗಳಿಗೆ ಅವ್ರದ್ದೇ ಆಯ್ಕ್. ಅವ್ರ್ ಎಲ್ಲಿದ್ರ್?"

"ಮಲ್ಕಂಡಿದ್ಲ್."

"ಹಗ್ಲ್ ಹೊತ್ತಗಾ? ಮೈ ಸಮ ಇಲ್ಯಾ?" ಎಂದು ಅವರು ಗಟ್ಟಿಯಾಗಿ ಕೇಳಿ ಒಳಗೆ ಇಣುಕಿದರು.

ನನ್ನ ಹೊಟ್ಟೆಯಲ್ಲಿ ಕಿಚ್ಚು ಎಂದಿನಂತೆಯೇ ಉರಿಯುತ್ತಿತ್ತು. ಗೋಡೆ ಹಿಡಿದು ಎದ್ದು, ಬಾಗಿಲಿಗೆ ಅಡ್ಡ ನಿಂತೆ.

"ನಾಳಿಗ್ ಬನ್ನಿ, ಅವ್ಳ್ ಮಾಡಿದ್ದೇ ಕೊಡ್ತೆ" ಎಂದೆ. "ಈಗ ಚೂರ್ ಮೆಲ್ಲ ಮಾತಾಡಿ."